ಎಡಗೈಗೆ ಎಣ್ಣೆ

ಮೂರು ವರ್ಷ ನನ್ನ ಎಡಗೈ ನೋಡಿದವರೆಲ್ಲ ಪುಣ್ಯವಂತೆ ಅಂದರು. ಮೊಣಕೈಯಿಂದ ಮಣಿಕಟ್ಟಿನ ತನಕ ಒಂದು ಗೆರೆ ಇರಲಿಲ್ಲ, ಒಂದು ಕೆಂಪು ಇರಲಿಲ್ಲ. ಬಾವಿಕಟ್ಟೆಯಲ್ಲಿ ನೀರು ಸೇದುವಾಗ ಸೆರಗು ಸರಿದರೆ ಸಾಕು, ಪಕ್ಕದವಳು ಕಣ್ಣು ಹಾಯಿಸಿ, 'ನಿನ್ನನ್ನ ಯಾರೂ ಒಂದು ಮಾತು ಅನ್ನೋರಿಲ್ಲ ಬಿಡು ಹೊಂಬಾಳಮ್ಮ, ಏನು ಪುಣ್ಯ ಮಾಡಿದ್ಯೋ' ಅನ್ನುತ್ತಿದ್ದಳು. ಅವಳ ಕೊಡ ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸುತ್ತಿತ್ತು ನನಗೆ. ಹಲ್ಲು ಕಚ್ಚಿಕೊಂಡು ಕೊಡ ಸೊಂಟಕ್ಕಿಟ್ಟುಕೊಂಡು ಮನೆಗೆ ಬರುತ್ತಿದ್ದೆ.

ನಮ್ಮೂರಲ್ಲಿ ಮಾತು ನೋಯಿಸಿದರೆ ಎಡ ಮುಂಗೈ ಮೇಲೆ ಬಾಸುಂಡೆ ಏಳುತ್ತದೆ. ಎಲ್ಲ ಊರಲ್ಲೂ ಹೀಗೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಸಣ್ಣ ಮಾತಿಗೆ ಒಂದು ಬೆರಳುದ್ದ, ದೊಡ್ಡ ಮಾತಿಗೆ ತಕ್ಕಷ್ಟು ಉದ್ದ. ಮೂರು ದಿನ ಇರುತ್ತದೆ, ನಾಲ್ಕನೆಯ ದಿನ ಇರುವುದಿಲ್ಲ. ನಮ್ಮ ದರ್ಜಿಗಳು ರವಿಕೆಯ ಎಡತೋಳಿಗೆ ಗುಂಡಿ ಇಟ್ಟು ಹೊಲಿಯುತ್ತಾರೆ, ಬಿಚ್ಚಿ ಮಡಚಲು ಸಲೀಸಾಗಲಿ ಎಂದು. ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯ ತಾಯಿಯ ಕೈ ನೋಡುತ್ತಾರೆ, ಮನೆ ಎಂಥದೆಂದು ಅದೇ ಹೇಳುತ್ತದೆ. ಹಿಂದಿನಿಂದ ನಡೆದುಬಂದದ್ದು ಒಂದೇ ಪದ್ಧತಿ: ಯಾರ ಮಾತಿಗೆ ಬಾಸುಂಡೆ ಎದ್ದಿತೋ ಅವರೇ ಬಂದು ಎಣ್ಣೆ ಹಚ್ಚಬೇಕು. ಬೆಳಿಗ್ಗೆ ಜಗಳವಾಡಿದ ಗಂಡ ಸಂಜೆ ಎಣ್ಣೆ ಬಟ್ಟಲು ಹಿಡಿದು ಹೆಂಡತಿಯ ಮುಂದೆ ಕೂರುತ್ತಾನೆ. ಹಚ್ಚುವಾಗ ಮತ್ತೆ ಜಗಳವಾಗಿ ಇನ್ನೊಂದು ಏಳುವುದೂ ಉಂಟು. ಆದರೆ ಹಚ್ಚಿಸಿಕೊಂಡ ಮೇಲೆ ಆ ಮಾತು ಮುಗಿಯಿತು, ಅದನ್ನು ಮತ್ತೆ ಎತ್ತುವ ಹಾಗಿಲ್ಲ.

ನನ್ನ ತಮ್ಮ ಚೆನ್ನಿಗ ಮಾತು ಕಲಿತ ದಿನದಿಂದ ನನ್ನ ಕೈ ಬರಿದಾಗಿರಲಿಲ್ಲ. ಅವನಿಗಿಂತ ನಾನು ಹತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ಅವನಿಗೆ ನಾಲ್ಕು. ಎತ್ತಿ ಆಡಿಸಿ, ಮೂಗು ಒರೆಸಿ, ಉಣ್ಣಿಸಿ ಬೆಳೆಸಿದ ನನಗೆ ಅವನು ಇಟ್ಟ ಹೆಸರು ಸೌಟು. ಮೈ ಕಡ್ಡಿ, ತಲೆ ದಪ್ಪ, ಅದಕ್ಕೆ. 'ಅಕ್ಕಯ್ಯ, ನೀನು ನಡೆದು ಬರ್ತಿದ್ರೆ ಯಾರೋ ಸಾರಿನ ಪಾತ್ರೆಯಿಂದ ಎತ್ತಿ ಹಿಡಿದ ಹಾಗಿರುತ್ತೆ ಕಣೇ' ಅನ್ನುತ್ತಿದ್ದ. ನಾನು ಅಟ್ಟಿಸಿಕೊಂಡು ಹೋಗುತ್ತಿದ್ದೆ. ಕೈ ಮೇಲೆ ಸಣ್ಣದೊಂದು ಗೆರೆ ಎದ್ದಿರುತ್ತಿತ್ತು. ಸಂಜೆ ಕೆಲಸ ಮುಗಿಸಿ ಬಂದವನೇ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಾಕಿಕೊಂಡು, 'ಕೈ ಕೊಡು' ಎಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಬಡಗಿಯ ಕೈ, ಒರಟು. ಆದರೂ ಹಗುರಾಗಿ ಹಚ್ಚುತ್ತಿದ್ದ, ಹಚ್ಚುತ್ತಾ ಊರ ಕತೆಯೆಲ್ಲ ಹೇಳುತ್ತಿದ್ದ. ನಾನು ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಆ ಸಂಜೆಗಳಿಗಿಂತ ಹೆಚ್ಚಿನ ಸಂಸಾರ ನನಗೆ ಬೇಕೆನಿಸಲೇ ಇಲ್ಲ.

ನನ್ನದು ಅಳತೆಯ ಕೆಲಸ. ಅಮ್ಮನಿಂದ ಬಂದದ್ದು. ಊರ ನಡುವೆ ಕಟ್ಟೆಮನೆ ಇದೆ, ಅಲ್ಲಿ ಹಿರಿಯರು ಕೂರುತ್ತಾರೆ. ಗೇಣುದ್ದದ ಒಳಗಿನ ಬಾಸುಂಡೆಯಾದರೆ ಎಣ್ಣೆ ಹಚ್ಚಿ ಮುಗಿಸಿಕೊಳ್ಳಬೇಕು. ಗೇಣು ಮೀರಿದರೆ ಕಟ್ಟೆಮನೆಗೆ ಬರಬೇಕು, ನಾನು ಗಂಟು ಹಾಕಿದ ಕೆಂಪು ದಾರ ಹಿಡಿದು ಅಳೆದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು. ಮೀರಿದ್ದು ನಿಜವಾದರೆ ಮಾತಾಡಿದವರು ನಲವತ್ತು ದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ಅದಕ್ಕಿಂತ ದೊಡ್ಡ ಶಿಕ್ಷೆ ನಮ್ಮಲ್ಲಿರಲಿಲ್ಲ. ನನ್ನ ಗಂಟಲು ದೊಡ್ಡದು, ಕಟ್ಟೆಮನೆಯಲ್ಲಿ ಕೂಗಿದರೆ ಸಂತೆಮಾಳದ ಆ ತುದಿಗೆ ಕೇಳಿಸುತ್ತಿತ್ತು. ಅದಕ್ಕೇ ಆ ಕೆಲಸ ನನಗೆ ಒಪ್ಪುತ್ತದೆ ಎಂದು ಜನ ಅನ್ನುತ್ತಿದ್ದರು.

ಇನ್ನು ನಮ್ಮ ದೇವರು ಕದದಯ್ಯ. ಸಂತೆಬೀದಿಯ ತುದಿಯಲ್ಲಿ ಬಂಡೆಗೆ ಒತ್ತಿ ಒಂದು ಹಳೆಯ ಬಾಗಿಲಿದೆ, ಆ ಬಾಗಿಲೇ ದೇವರು. ಯಾವತ್ತೂ ತೆರೆದಿಲ್ಲ. ಒಳಗಿನಿಂದ ಚಿಲಕ ಹಾಕಿದೆ ಎಂದು ನಂಬಿಕೆ. ಹೊಸ್ತಿಲ ಮೇಲೆ ಹೂವಿಟ್ಟು, ಮೂರು ಸಲ ಬಡಿದು, ಮನಸ್ಸಿನಲ್ಲಿದ್ದದ್ದು ಹೇಳಿಕೊಂಡು ಬರುತ್ತೇವೆ. ನನ್ನ ಅಮ್ಮನ ಕಾಯಿಲೆ ಹೇಳಿಕೊಂಡದ್ದು ಅಲ್ಲೇ, ಅಮ್ಮ ಹೋದ ಮೇಲೆ ಬಾಗಿಲಿಗೆ ತಲೆ ಚಚ್ಚಿಕೊಂಡು ಅತ್ತದ್ದೂ ಅಲ್ಲೇ. ಆ ಬಾಗಿಲ ತಿರುಗಣೆಗೆ ದಿನವೂ ಎಣ್ಣೆ ಬಿಡುವುದು ಮರಿದೇವಪ್ಪನವರ ಮನೆತನದ ಸೇವೆ. ತೆರೆಯದ ಬಾಗಿಲಿಗೆ ಎಣ್ಣೆ ಯಾಕೆ ಎಂದು ಕೇಳಿದರೆ, 'ತೆಗೆಯೋ ದಿನ ಬಂದಾಗ ಕಿರುಗುಟ್ಟಬಾರದು ನೋಡಿ' ಎಂದು ಅವರು ಹೇಳುತ್ತಿದ್ದರು. ಎಲ್ಲರೊಂದಿಗೂ ತಗ್ಗಿ ಮಾತಾಡುವವರು, ಮೆತ್ತನೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಅವರಿಗೆ ಅನ್ಯಾಯ ಮಾಡಿದಂತೆ.

ಊರಿನ ಬಾಗಿಲುಗಳೆಲ್ಲ ಚೆನ್ನಿಗನ ಕೈಯವು. ಚೌಕಟ್ಟು ಕೂರಿಸುವಾಗ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ, ಅವನ ಕತೆ ಕೇಳಲೆಂದೇ ಚೆನ್ನಾಗಿರುವ ಬಾಗಿಲನ್ನು ಸರಿಯಿಲ್ಲ ಎಂದು ಕರೆಸುವವರಿದ್ದರು. ಅದು ಬೆಳೆದು ಬೆಳೆದು ಒಂದು ದಿನ ಅವನು ಹಗುರ ಮರದಲ್ಲಿ ಆಳೆತ್ತರದ ಒಂದು ಬಾಗಿಲು ಮಾಡಿ, ಸಂತೆಮಾಳದಲ್ಲಿ ನಿಲ್ಲಿಸಿ ಆಟ ಆಡಿದ. ಮುಂದೆ ನಿಂತಾಗ ಭಕ್ತ, ಹಿಂದೆ ಹೋದಾಗ ಕದದಯ್ಯ. ಒಬ್ಬನೇ ಓಡಾಡಿಕೊಂಡು ಇಬ್ಬರ ಮಾತೂ ಆಡಿದ.

ಭಕ್ತ ಬಾಗಿಲು ಬಡಿದು, 'ಅಯ್ಯಾ, ಕದ ತೆಗಿ' ಅಂದ. ಒಳಗಿನಿಂದ ನೆಗಡಿಯಾದವರ ಹಾಗೆ ಒಂದು ದನಿ, 'ಯಾರಪ್ಪಾ?'

'ನಾನು, ನಿನ್ನ ಭಕ್ತ.'

'ಎಲ್ರೂ ಹಂಗೇ ಅಂತಾರೆ. ಕೈಯಲ್ಲೇನೋ ಇದ್ದಂಗಿದೆ?'

'ದೊಣ್ಣೆ.'

'ಯಾಕಪ್ಪಾ ದೊಣ್ಣೆ?'

'ನಿನ್ನ ಯಾರಾದ್ರೂ ಏನಾದ್ರೂ ಅಂದ್ರೆ ಬೇಕಾಗುತ್ತೆ ಅಂತ.'

'ಅಯ್ಯೋ ದೇವ್ರೇ' ಎಂದಿತು ಒಳಗಿನ ದನಿ. ಜನ ಗೊಳ್ಳೆಂದರು. 'ನಾನು ಚಿಲಕ ಹಾಕ್ಕೊಂಡು ಕೂತಿರೋದೇ ಅದಕ್ಕೆ ಕಣಪ್ಪಾ. ನಂಗೂ ಹೊರಗೆ ಬರ್ಬೇಕು, ನಿಮ್ಮ ಜೊತೆ ಕೂತು ಒಂದು ಹಿಡಿ ಮಂಡಕ್ಕಿ ತಿನ್ಬೇಕು ಅಂತ ಆಸೆ. ಎಷ್ಟು ವರ್ಷ ಆಯ್ತು ಒಬ್ನೇ ಕೂತು! ನೀನು ಅದನ್ನ ಕೆಳಗಿಡು, ನಾನು ಚಿಲಕ ತೆಗೀತೀನಿ.'

ನಗುತ್ತಲೇ ಜನ ಎಡಗೈ ತುರಿಸಿಕೊಳ್ಳತೊಡಗಿದರು. ನಾನು ಕಣ್ಣಾರೆ ಕಂಡೆ, ಒಂದೇ ಮುಖ ನಗುತ್ತಲೂ ಇತ್ತು, ನೋಯುತ್ತಲೂ ಇತ್ತು. ನನಗೂ ಒಂದು ಬೆರಳುದ್ದ ಎದ್ದಿತ್ತು. ಅಮ್ಮನಿಗಾಗಿ ನಾನು ಬಡಿದ ಬಾಗಿಲಲ್ಲವೇ ಅದು? ಒಳಗಿದ್ದವನು ಹೆದರಿ ಕೂತಿದ್ದ ಎಂದರೆ ನೋಯುವುದಿಲ್ಲವೇ? ಅಷ್ಟರಲ್ಲಿ ಜನರ ನಡುವಿನಿಂದ ಮರಿದೇವಪ್ಪನವರು ಎದ್ದು ನಿಂತು, 'ಸಾಕು ಚೆನ್ನಿಗ, ನಿಲ್ಸು' ಅಂದರು. ಚೆನ್ನಿಗ ನಿಲ್ಲಿಸಿದ. ಭಕ್ತ ದೊಣ್ಣೆ ಕೆಳಗಿಟ್ಟನೋ, ಅಯ್ಯ ಚಿಲಕ ತೆಗೆದನೋ, ಯಾರಿಗೂ ಗೊತ್ತಾಗಲಿಲ್ಲ.

ಅವತ್ತು ಸಂಜೆ ನನ್ನ ತಮ್ಮ ಎಣ್ಣೆ ಬಟ್ಟಲು ಹಿಡಿದು ಮನೆಮನೆಗೆ ಹೋದ. ಹತ್ತೊಂಬತ್ತು ಕೈಗೆ ಹಚ್ಚಿದ. ಎಲ್ಲಕ್ಕಿಂತ ಉದ್ದದ್ದು ಎದ್ದಿದ್ದು ಪಕ್ಕದ ಮನೆಯ ದುಂಡಜ್ಜಿಗೆ, ಹೆಚ್ಚುಕಡಿಮೆ ಗೇಣು. ಕದದಯ್ಯನಿಗೆ ಹೂವಿಡದೆ ನೀರು ಮುಟ್ಟದ ಮುದುಕಿ. ಕೈ ಚಾಚಿಕೊಂಡು, 'ಹಾಳಾದವನೇ, ನಮ್ಮಪ್ಪನ್ನ ಅಂಜುಬುರುಕನ್ನ ಮಾಡಿಬಿಟ್ಯಲ್ಲೋ' ಎಂದು ಬಾಯಿಗೆ ಬಂದಂತೆ ಬೈದಳು. ಅವನು ತಲೆ ಬಗ್ಗಿಸಿ ಹಚ್ಚಿದ. ಹಚ್ಚಿ ಮುಗಿದ ಮೇಲೆ ಮುದುಕಿ ದನಿ ತಗ್ಗಿಸಿ, 'ಆಮೇಲೇನಾಯ್ತೋ? ತೆಗೆದನಾ?' ಎಂದು ಕೇಳಿದಳು. 'ಮುಂದಿನ ಸಂತೆಗೆ ಹೇಳ್ತೀನಿ ಅಜ್ಜಿ' ಅಂದ.

ಮರಿದೇವಪ್ಪನವರು ಮಾತ್ರ ಕೈ ಕೊಡಲಿಲ್ಲ. 'ನಂದಾಗಿದ್ರೆ ಕೊಡ್ತಿದ್ದೆ. ಇದು ಅಯ್ಯನಿಗೆ ಬಿದ್ದ ಏಟು' ಎಂದು ಒಳಗೆ ಹೋದರು. ಚೆನ್ನಿಗ ಅವರ ಜಗಲಿಯ ಕೆಳಗೆ ಬಟ್ಟಲು ಹಿಡಿದು ಬಹಳ ಹೊತ್ತು ನಿಂತಿದ್ದು ಬಂದ.

ಆರನೆಯ ದಿನ ಬೆಳಿಗ್ಗೆ ಮರಿದೇವಪ್ಪನವರು ಕಟ್ಟೆಮನೆಗೆ ಬಂದರು. ಅವರ ಹಿಂದೆ ಅರ್ಧ ಊರು. ತೋಳು ಮಡಚಿ ಕೈ ನನ್ನ ಮುಂದಿಟ್ಟರು. ಬಾಸುಂಡೆ ಮಣಿಕಟ್ಟಿನಿಂದ ಮೇಲೆ ಮೇಲೆ ಹೋಗಿತ್ತು, ಕಪ್ಪಗೆ, ಅಂಚೆಲ್ಲ ನೀರುಗುಳ್ಳೆ. 'ಇಳೀತಾನೇ ಇಲ್ಲ, ಬೆಳೀತಾ ಇದೆ' ಎಂದು ಹಿಂದಿದ್ದವರು ಕೂಗಿದರು. 'ಅಯ್ಯ ಮುನಿದವ್ನೆ!'

ನಾನು ಬಗ್ಗಿದೆ. ವಾಸನೆ ಮೂಗಿಗೆ ಬಡಿಯಿತು. ಕರಿಗೇರಿನ ರಸ, ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಅದು. ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ, ತಿಂಗಳುಗಟ್ಟಲೆ ಮಾಯುವುದಿಲ್ಲ. ಮೂವತ್ತು ವರ್ಷ ಕೈ ಅಳೆದವಳು ನಾನು, ನನಗೆ ತಿಳಿಯದೇ ಇರುತ್ತದೆಯೇ! ತಲೆ ಎತ್ತಿ ನೋಡಿದೆ. ಮರಿದೇವಪ್ಪನವರು ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಆ ಜನ.

ಇದು ಗೇರು ಎಂದು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ತಮ್ಮನನ್ನು ಉಳಿಸಲು ಸುಳ್ಳು ಹೇಳುತ್ತಾಳೆ ಅಂದಾರು ಎಂದು ಹೆದರಿದೆ. ಇನ್ನೂ ಒಂದು ಲೆಕ್ಕಾಚಾರ ಮಾಡಿದೆ, ಸುಡಲಿ ನನ್ನ ಜಾಣತನ. ಅಳತೆ ಕೂಗಿಬಿಟ್ಟರೆ ಕಾನೂನಿನಂತೆ ನಲವತ್ತು ದಿನ ಬಾಯಿಬಟ್ಟೆ. ನಲವತ್ತು ದಿನ ಮನೆಯಲ್ಲಿ ನನ್ನ ಕಣ್ಣೆದುರು ಬಿದ್ದಿರುತ್ತಾನೆ, ಹೊತ್ತು ಹೊತ್ತಿಗೆ ಅನ್ನ ಹಾಕುತ್ತೇನೆ, ಅಷ್ಟರಲ್ಲಿ ಜನರ ಸಿಟ್ಟು ಇಳಿಯುತ್ತದೆ ಎಂದುಕೊಂಡೆ. ದಾರ ಹಿಡಿದೆ. ಎದ್ದು ನಿಂತು ದೊಡ್ಡ ಗಂಟಲಲ್ಲಿ, 'ಗೇಣು, ಮೇಲೆ ನಾಲ್ಕು ಬೆರಳು' ಎಂದು ಕೂಗಿದೆ.

ಹಿರಿಯರು ಬಾಯಿ ತೆರೆಯಲೂ ಇಲ್ಲ. 'ಅವನ ಅಕ್ಕನೇ ಹೇಳಿಬಿಟ್ಳು, ಇನ್ನೇನು!' ಎಂದು ಯಾರೋ ಅಂದರು. ಜನ ತಿರುಗಿ ಓಡಿದರು. ಮರಿದೇವಪ್ಪನವರು, 'ನಿಲ್ರಪ್ಪಾ, ಬಾಯಿಬಟ್ಟೆ, ಬಾಯಿಬಟ್ಟೆ ಕಣ್ರಪ್ಪಾ' ಎಂದು ಹಿಂದೆಯೇ ಹೋದರು. ಚೆನ್ನಿಗನ ಕೆಲಸದ ಮನೆ ಸಂತೆಮಾಳದ ಆಚೆಗೇ ಇತ್ತು. ನಾನು ಎದ್ದುಬಿದ್ದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಆಟದ ಬಾಗಿಲನ್ನೇ ಒಡೆದು, ಅದರ ಪಟ್ಟಿಗಳಿಂದಲೇ ಹೊಡೆದಿದ್ದರು. ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ಮರದ ಹೊಟ್ಟಿನ ಮೇಲೆ ನನ್ನ ತಮ್ಮ ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೇ ಬಿದ್ದಿದ್ದ.

ಕಟ್ಟೆಮನೆಯಲ್ಲಿ ನ್ಯಾಯ ಕೇಳಿದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಮಾತಿನಿಂದ ಎದ್ದಿದ್ದಕ್ಕೆ ಅಳತೆ ಉಂಟು ತಾಯಿ. ದೊಣ್ಣೇಲಿ ಎದ್ದಿದ್ದಕ್ಕೆ ದಾರ ಎಲ್ಲಿದೆ?' ಅಂದರು. ನಾನು ಕೆಂಪು ದಾರವನ್ನು ಅವರ ಎದುರಿಗೇ ಒಲೆಗೆ ಹಾಕಿ ಬಂದೆ. ಆಮೇಲೆ ಆ ಮೆಟ್ಟಿಲು ಹತ್ತಲಿಲ್ಲ.

ತಮ್ಮನ ಜೀವ ಉಳಿಯಿತು, ಮುರಿದ ದವಡೆ ಆರು ತಿಂಗಳಿಗೆ ಕೂಡಿತು. ಮೂಳೆ ಕಟ್ಟುವವನು ಬಾಯಿ ತೆರೆಸಿ ನೋಡಿ, ಎಲ್ಲ ಸರಿಯಾಗಿದೆ, ನಾಲಿಗೆ ಚೆನ್ನಾಗಿದೆ, ಇನ್ನು ಮಾತಾಡಬಹುದು ಅಂದ. ಚೆನ್ನಿಗ ಮಾತಾಡಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದ, ಬಡಿಸಿದ್ದು ಉಣ್ಣುತ್ತಿದ್ದ. ಏಟುಗಳಿಗೆಲ್ಲ ದಿನವೂ ನಾನೇ ಎಣ್ಣೆ ಹಚ್ಚಿದ್ದೆ, ಅವು ಮಾಯ್ದ ಮೇಲೆ ಅಂಗಿಯ ಎಡತೋಳು ಮಾತ್ರ ಅವನು ಯಾವತ್ತೂ ಮಡಚುತ್ತಿರಲಿಲ್ಲ. ಬಾಗಿಲು ಮಾಡುವುದು ಬಿಟ್ಟ. ಹಿತ್ತಲಲ್ಲಿ ಕೂತು ಮರದ ಸೌಟು ಕೆತ್ತತೊಡಗಿದ. ಒಂದಾದ ಮೇಲೆ ಒಂದು, ಗೋಡೆಯ ತುಂಬ ಸೌಟು. ದುಂಡಜ್ಜಿ ಬಂದು ನೋಡಿ, 'ಊರಿಗೆಲ್ಲ ಆಗೋವಷ್ಟು ಸೌಟಾಯ್ತು ಕಣೋ, ಸಾರು ಎಲ್ಲಿಂದ ತರೋಣ?' ಎಂದಳು. ಅವನು ನಗಲಿಲ್ಲ.

ಊರೂ ಹಾಗೇ ಆಯಿತು. ಅವತ್ತಿನಿಂದ ಜನ ತೂಗಿ ತೂಗಿ ಮಾತಾಡಿದರು. ಮೊದಮೊದಲು ದೇವರ ಮಾತು ಬಿಟ್ಟರು, ಆಮೇಲೆ ಹಿರಿಯರ ಮಾತು, ಆಮೇಲೆ ಅಕ್ಕಪಕ್ಕದವರ ಮಾತು, ಕಡೆಗೆ ಗಂಡಹೆಂಡಿರು ಕೂಡ ಊಟ ಆಯ್ತಾ, ಆಯ್ತು, ಅಷ್ಟೇ. ಸಂತೆಯಲ್ಲಿ ಬೆಲೆ ಕೇಳಿ ಹೆಚ್ಚಾಯಿತು ಅನ್ನುವವರಿಲ್ಲ. ಕೈಗಳೆಲ್ಲ ನುಣ್ಣಗಾದವು. ನಮ್ಮೂರಿನಷ್ಟು ಶಾಂತವಾದ ಊರು ಎಲ್ಲೂ ಇಲ್ಲ ಎಂದು ಹಿರಿಯರು ಮೀಸೆ ತಿರುವಿದರು. ಗಾಣದ ಈರಯ್ಯ ಒಬ್ಬನೇ ಗೊಣಗುತ್ತಿದ್ದ, 'ಎಣ್ಣೆ ಕೇಳೋರೇ ಇಲ್ಲವಲ್ಲ ಹೊಂಬಾಳಮ್ಮ, ಜನಕ್ಕೆ ಏನಾಯ್ತು?' ಎಂದು. ಏನಾಯಿತೆಂದು ಅವನಿಗೂ ಗೊತ್ತಿತ್ತು.

ನನಗೆ ಬೇಕಿದ್ದದ್ದು ಒಂದೇ. ಒಂದು ಸಲ, ಒಂದೇ ಒಂದು ಸಲ ಅವನು ನನ್ನನ್ನು ಸೌಟು ಅನ್ನಬೇಕಿತ್ತು. ಏನೇನು ಮಾಡಿಲ್ಲ ನಾನು! ಅಮ್ಮನ ದೊಡ್ಡ ಮೂಗುಬಟ್ಟು ಹಾಕಿಕೊಂಡು, ತಲೆಗೆ ಎರಡು ಮೊಳ ಕನಕಾಂಬರ ಮುಡಿದು ಅವನ ಎದುರು ಸುಳಿದಾಡಿದೆ. ಐವತ್ತು ದಾಟಿದ ಹೆಂಗಸು! ಹಳೆಯ ಚೆನ್ನಿಗನಾಗಿದ್ದರೆ ಒಂದು ವಾರಕ್ಕಾಗುವಷ್ಟು ಬಾಸುಂಡೆ ಎಬ್ಬಿಸುತ್ತಿದ್ದ. ಅವನು ನೋಡಿ ಉಳಿಯ ಕಡೆ ತಿರುಗಿದ. ಇನ್ನೊಂದು ದಿನ ಸಾರಿಗೆ ಬೇಕೆಂದೇ ಎರಡು ಹಿಡಿ ಉಪ್ಪು ಸುರಿದೆ. ಅನ್ನಕ್ಕೆ ಹಾಕಿಕೊಂಡು ಕಲಸಿ ಉಂಡ, ಎರಡು ಚೊಂಬು ನೀರು ಕುಡಿದ, ತಟ್ಟೆ ತೊಳೆದಿಟ್ಟು ಹಿತ್ತಲಿಗೆ ಹೋದ. ನಾನು ಒಲೆಯ ಮುಂದೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಬೈಯೋ ನನ್ನಪ್ಪ, ಬಾಯಿ ತುಂಬ ಬೈಯೋ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಸಂಜೆಯಾದರೆ ಎಡಗೈ ತಾನಾಗಿಯೇ ತೊಡೆಯ ಮೇಲೆ ಬಂದು ಅಂಗಾತ ಬೀಳುತ್ತಿತ್ತು, ಯಾರೋ ಎಣ್ಣೆ ಹಚ್ಚುತ್ತಾರೆ ಅನ್ನುವ ಹಾಗೆ.

ದುಂಡಜ್ಜಿಗೂ ಒಂದು ಆಸೆ ಅಂಟಿಕೊಂಡಿತ್ತು. ವಾರಕ್ಕೊಂದು ಸಲ ಗೋಡೆ ಹಿಡಿದುಕೊಂಡು ಬಂದು ಅವನ ಮುಂದೆ ಕೂರುತ್ತಿದ್ದಳು. 'ಚೆನ್ನಿಗ, ನಂಗೆ ವಯಸ್ಸಾಯ್ತು. ಆ ಚಿಲಕ ತೆಗೆದನಾ ಇಲ್ವಾ, ಅಷ್ಟು ಹೇಳಪ್ಪ. ದಿನಾ ಹೂವಿಡೋವಾಗ ಅದೇ ಯೋಚನೆ ಆಗುತ್ತೆ. ಒಳಗೆ ಒಬ್ನೇ ಕೂತವ್ನೆ ಅಂದ್ಯಲ್ಲ, ಅವತ್ತು ಕೈ ಉರೀತು ನಿಜ. ಆದ್ರೆ ಆವತ್ತಿಂದ ನಂಗೆ ಅವನ ಮೇಲೆ ಅಕ್ಕರೆ ಜಾಸ್ತಿ ಆಗೈತೆ. ಹೂವಿನ ಜೊತೆ ಒಂದು ಹಿಡಿ ಮಂಡಕ್ಕೀನೂ ಇಟ್ಟು ಬರ್ತೀನಿ, ಯಾರಿಗೂ ಹೇಳ್ಬೇಡ' ಅನ್ನುತ್ತಿದ್ದಳು. ಅವನು ಕೆತ್ತುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಕಳೆದ ಬೇಸಗೆಯಲ್ಲಿ ಒಂದು ಬೆಳಿಗ್ಗೆ ಕೆರೆಯ ಮೆಟ್ಟಿಲಲ್ಲಿ ಮರಿದೇವಪ್ಪನವರು ಸಿಕ್ಕರು. ಎಡಗೈಗೆ ಬಟ್ಟೆ ಸುತ್ತಿತ್ತು. ಆ ಹುಣ್ಣು ಮಾಯಲೇ ಇಲ್ಲವೆಂದು ಕೇಳಿದ್ದೆ, ಮಾಯ್ದು ಮತ್ತೆ ಒಡೆಯುತ್ತಿತ್ತಂತೆ. ನಾನು ಮುಖ ತಿರುಗಿಸಿಕೊಂಡು ಹೊರಟೆ. ಅವರೇ ಕರೆದರು.

'ಹೊಂಬಾಳಮ್ಮ, ಒಂದು ಮಾತು. ನಿಜವಾಗ್ಲೂ ಎದ್ದಿತ್ತು ಕಣಮ್ಮ, ಅವತ್ತು. ಎರಡು ಬೆರಳುದ್ದ. ಮೂರನೇ ದಿನ ನೋಡ್ತೀನಿ, ಹೋಗ್ತಾ ಇದೆ. ಅಯ್ಯನ್ನ ಅಂದ ಮಾತು ನನ್ನ ಮೈಯಲ್ಲಿ ಮೂರು ದಿನ ಕೂಡ ನಿಲ್ಲಲ್ವಲ್ಲ, ಇಷ್ಟೇನಾ ನನ್ನ ಭಕ್ತಿ ಅನ್ನಿಸ್ತು. ಎಣ್ಣೆ ಬಿಡೋಕೆ ಹೋದ್ರೆ ಆ ಬಾಗಿಲ ಕಡೆ ತಲೆ ಎತ್ತೋಕೆ ಆಗ್ಲಿಲ್ಲ. ಅದಕ್ಕೆ ಗೇರು ಹಚ್ಕೊಂಡೆ. ಹುಡುಗನ್ನ ಹೊಡೀಲಿ ಅಂತ ಅಲ್ಲ.'

ಹುಣ್ಣು ಹಿಡಿದ ಆ ಮುದುಕನ ಕೈ ನೋಡಿ ಕನಿಕರವೂ ಬಂತು, ಅದನ್ನು ಮುರಿದು ಹಾಕಬೇಕೆಂಬ ಸಿಟ್ಟೂ ಬಂತು.

'ನಿಂಗೆ ವಾಸನೆ ಗೊತ್ತಾಗಿತ್ತು' ಅಂದರು ಅವರು, ಮೆಲ್ಲಗೆ. 'ನೀನು ಕಣ್ಣೆತ್ತಿ ನೋಡಿದೆ. ಇವಳು ಹೇಳಿಬಿಡ್ತಾಳೆ, ನನ್ನ ಮರ್ಯಾದೆ ಹೋಗುತ್ತೆ, ಹೋಗ್ಲಿ ಅಂತ ಕಾಯ್ತಾ ಇದ್ದೆ. ಯಾಕಮ್ಮ ಹೇಳ್ಲಿಲ್ಲ ನೀನು?'

ಬಟ್ಟೆ ಒಗೆಯದೆ ಹಾಗೇ ಹಿಂತಿರುಗಿದೆ. ದಾರಿ ಹೇಗೆ ನಡೆದೆನೋ ತಿಳಿಯದು. ಮೂರು ವರ್ಷ ಊರಿನವರನ್ನು ಬೈದುಕೊಂಡಿದ್ದೆ, ಹಿರಿಯರನ್ನು ಬೈದುಕೊಂಡಿದ್ದೆ, ಈ ಮನುಷ್ಯನಿಗೆ ಹಿಡಿ ಹಿಡಿ ಶಾಪ ಹಾಕಿದ್ದೆ. ನನ್ನದೊಂದು ಪಾಲಿದೆ ಎಂಬುದನ್ನು ಮಾತ್ರ ಅಕ್ಕಿ ಡಬ್ಬದ ತಳದಲ್ಲಿ ಮುಚ್ಚಿಟ್ಟ ಹಾಗೆ ಇಟ್ಟುಕೊಂಡಿದ್ದೆ. ತಮ್ಮ ಮಾತಾಡುವುದಿಲ್ಲ ಎಂದು ಅತ್ತೆನೇ ಹೊರತು ನಾನು ಅವನಿಗೆ ಏನು ಹೇಳಿದ್ದೆ?

ಹಿತ್ತಲಲ್ಲಿ ನುಗ್ಗೆ ಮರದ ನೆರಳಲ್ಲಿ ಅವನು ಕೂತಿದ್ದ. ಎದುರಿಗೆ ಹೋಗಿ ನೆಲದ ಮೇಲೆ ಕುಸಿದೆ. 'ಚೆನ್ನಿಗ, ಅದು ಗೇರು ಅಂತ ನಂಗೆ ಗೊತ್ತಿತ್ತು ಕಣೋ. ಮೂಗಿಗೆ ಬಡೀತು. ಗೊತ್ತಿದ್ದೂ ಕೂಗಿದೆ. ಹೆದರಿಕೊಂಡೆ. ನಲವತ್ತು ದಿನ ಬಾಯಿ ಕಟ್ಟಿದ್ರೆ ನೀನು ಉಳೀತೀಯ ಅಂದ್ಕೊಂಡೆ. ನನ್ನ ತಪ್ಪು ಕಣೋ, ನಂದೇ' ಅಂದೆ.

ಉಳಿ ನಿಂತಿತು. ಅವನು ಕೈಯಲ್ಲಿದ್ದ ಸೌಟನ್ನು ತೊಡೆಯ ಮೇಲಿಟ್ಟುಕೊಂಡ. ಗಂಟಲು ಕೆರೆದ. ತುಕ್ಕು ಹಿಡಿದ ದನಿ ಹೊರಗೆ ಬಂತು.

'ಕೇಳಿಸ್ತು' ಅಂದ. 'ಉಜ್ಜುಗೊರಡು ಎಳೀತಾ ಇದ್ದೆ. ನಿನ್ನ ಗಂಟಲು ಕೇಳಿಸ್ತು.'

ತೊಡೆಯ ಮೇಲಿನ ಸೌಟನ್ನು ಅವನು ನೆಲಕ್ಕಿಟ್ಟ.

'ಅವರು ಬರೋಕೆ ಮುಂಚೆನೇ ಎದ್ದಿತ್ತು ಅಕ್ಕಯ್ಯ, ಎಡಗೈ ಮೇಲೆ. ಗೇಣು ಮೀರಿತ್ತು. ಅದನ್ನೇ ನೋಡ್ತಾ ನಿಂತಿದ್ದೆ, ಓಡಬೇಕು ಅಂತ ಹೊಳೀಲಿಲ್ಲ. ಆಮೇಲೆ ಅದೇ ಕೈ ಅಡ್ಡ ಹಿಡಿದೆ. ಅದರ ಮೇಲೇನೇ ಹೊಡೆದ್ರು. ಅಷ್ಟು ಏಟಲ್ಲಿ ಒಂದು ನಿಂದಿತ್ತು. ನೀನು ಎಲ್ಲಕ್ಕೂ ಎಣ್ಣೆ ಹಚ್ಚಿದೆ, ಅದಕ್ಕೂ ಹಚ್ಚಿದೆ, ದಿನಾ. ಇದ್ರಲ್ಲಿ ನನ್ನ ಮಾತಿಗೆ ಎದ್ದಿದ್ದು ಯಾವುದೋ ಅಂತ ಒಂದು ದಿನಾನೂ ಕೇಳ್ಲಿಲ್ಲ. ಕೇಳ್ತೀಯೇನೋ ಅಂತ ತೋಳು ಮುಚ್ಕೊಂಡು ಮೂರು ವರ್ಷ ಕಾದೆ.'

ಎಡಗೈ ಸುಟ್ಟಂತಾಯಿತು. ರವಿಕೆಯ ಗುಂಡಿ ಕಿತ್ತು ತೋಳು ಮಡಚಿದೆ. ಮಣಿಕಟ್ಟಿನಿಂದ ಶುರುವಾಗಿ ಮೇಲಕ್ಕೆ, ಕೆಂಪಗೆ, ಕಣ್ಣೆದುರೇ ಏಳುತ್ತಿತ್ತು. ಗೇಣು ಮುಟ್ಟಿತು. ಗೇಣು ದಾಟಿತು. ಜೀವ ಹೋಗುವಷ್ಟು ಉರಿ. ನಾನು ಅದನ್ನು ಎದೆಗೆ ಅವಚಿಕೊಂಡು ಅಳುತ್ತಾ ನಗುತ್ತಿದ್ದೆ, ಹುಚ್ಚು ಹಿಡಿದವಳ ಹಾಗೆ. ನನ್ನ ತಮ್ಮ ಮಾತಾಡಿದ. ನನ್ನ ತಮ್ಮನ ಮಾತು ನನ್ನ ಕೈ ಮೇಲಿತ್ತು.

ಗೋಡೆಯಾಚೆಯಿಂದ ದುಂಡಜ್ಜಿ, 'ಏನೇ ಹೊಂಬಾಳೀ, ಯಾರೇ ಅದು ಮಾತಾಡಿದ್ದು?' ಎಂದು ಕೂಗಿದಳು.

ಚೆನ್ನಿಗ ಒಳಗೆ ಹೋಗಿ ಬಂದ. ಕೈಯಲ್ಲಿ ಹಳೆಯ ಹಿತ್ತಾಳೆ ಬಟ್ಟಲು, ಅದರಲ್ಲಿ ಕೊಬ್ಬರಿ ಎಣ್ಣೆ. ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಹಚ್ಚಿದರೆ ಮುಗಿಯಿತು. ಮೂರು ದಿನ, ನಾಲ್ಕನೆಯ ದಿನ ಮತ್ತೆ ಆ ಬೋಳು ಕೈ. ಮೂರು ವರ್ಷ ಕಾದು ಸಿಕ್ಕಿದ್ದು ಇದೊಂದೇ. ಅಗಸರ ಮನೆ ನಾಲ್ಕು ಹೆಜ್ಜೆ ದೂರ, ಹೋಗಿ ಒಂದು ಹನಿ ಗೇರು ತಂದು ಹಚ್ಚಿಕೊಂಡರೆ ಸಾಯುವ ತನಕ ಉಳಿಯುತ್ತದೆ ಎಂದು ಹೊಳೆಯಿತು. ಹೊಳೆದ ಕೂಡಲೇ ಮರಿದೇವಪ್ಪನವರ ಮುಖ ಕಣ್ಣ ಮುಂದೆ ಬಂತು. ಆ ಮನುಷ್ಯ ನನಗೆ ಅರ್ಥವಾದದ್ದು ಆ ಗಳಿಗೆಯಲ್ಲೇ. ಆದರೂ ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ.

'ಬೇಡ ಕಣೋ, ಇರ್ಲಿ ಬಿಡೋ. ಎಣ್ಣೆ ಹಚ್ಚಿದ್ರೆ ಹೋಗ್ಬಿಡುತ್ತೆ' ಅಂದೆ.

ಅವನು ನನ್ನನ್ನೇ ನೋಡಿದ. ಎಡಗೈ ಬೆರಳುಗಳನ್ನು ಎಣ್ಣೆಯಲ್ಲಿ ಅದ್ದಿ, ಬಲಗೈಯಿಂದ ಅಂಗಿಯ ಎಡತೋಳನ್ನು ನಿಧಾನವಾಗಿ ಮೇಲಕ್ಕೆ ಸರಿಸಿಕೊಂಡ. ಹಳೆಯ ಏಟಿನ ಕಲೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಅದರಲ್ಲಿ ನನ್ನದು ಯಾವುದೂ ಉಳಿದಿರಲಿಲ್ಲ.

'ಕೈ ಕೊಡೇ ಸೌಟು' ಅಂದ. 'ಹೋದ್ರೆ ಇನ್ನೊಂದು ಎಬ್ಬಿಸ್ತೀನಿ.'

ನಾನು ಕೈ ಚಾಚಿದೆ.